ಬ್ರಹ್ಮಗಿರಿಯಲ್ಲಿ ಬಿಟ್ಟು ಬಂದದ್ದು

ಅವ್ವನ ಕೊರಳಲ್ಲಿ ಈಗ ಲಿಂಗವಿಲ್ಲ. ಎಂಟನೆಯ ವಯಸ್ಸಿನಿಂದ ಎಪ್ಪತ್ತೆರಡನೆಯ ವಯಸ್ಸಿನವರೆಗೆ ಒಂದು ದಿನವೂ ಮೈಯಿಂದ ದೂರ ಮಾಡದೆ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಅವಳು ಕಳೆದುಕೊಂಡದ್ದು ನನ್ನಿಂದ. ಕೇಳಿದ ನೆಂಟರಿಗೆಲ್ಲ ‘ಪ್ರವಾಸದಲ್ಲಿ ಎಲ್ಲೋ ಬಿದ್ದುಹೋಯಿತು’ ಎಂದು ಹೇಳಿ ಸಾಗಹಾಕಿದ್ದೇನೆ. ಅದು ಬೀಳಲಿಲ್ಲ. ನಾನು ಎಸೆದೆ. ಒಮ್ಮೆಯಾದರೂ ಇದ್ದದ್ದನ್ನು ಇದ್ದ ಹಾಗೆ ಬರೆದಿಡೋಣ ಎಂದು ಕೂತಿದ್ದೇನೆ.

ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ದೀಕ್ಷೆಯ ದಿನ ಗುರು ಅಂಗೈ ಮೇಲೆ ಇಟ್ಟ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು, ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ ನಂತರವೇ ಬಾಯಿಗೆ ನೀರು. ಅದು ಕಳೆದರೆ, ಸಿಗುವವರೆಗೆ ಅಥವಾ ಗುರು ಎದುರಿಗೆ ಕೂತು ಮತ್ತೊಂದನ್ನು ಕೊಡುವವರೆಗೆ, ಹನಿ ನೀರೂ ಇಲ್ಲ. ಈಗಿನವರು ಇದನ್ನು ಅಷ್ಟು ಬಿಗಿಯಾಗಿ ಹಿಡಿದಿಲ್ಲ. ನಾನಂತೂ ಹಿಡಿದೇ ಇರಲಿಲ್ಲ. ಅವ್ವ ಹಿಡಿದಿದ್ದಳು.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ. ಅಪ್ಪ ಹೋದ ಮೇಲೆ ಚಳ್ಳಕೆರೆಯ ನಮ್ಮ ಮನೆಗೇ ಬಂದಳು. ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಚುಚ್ಚುವವಳು ನಾನು. ಸೂಜಿಯಾಗಿ ಅರ್ಧ ಗಂಟೆಗೆ ತಿಂಡಿ ಹೊಟ್ಟೆಗೆ ಬೀಳಲೇಬೇಕು ಎಂದು ಡಾಕ್ಟರು ಹೇಳಿದ್ದರು. ಆ ಅರ್ಧ ಗಂಟೆ ಅವ್ವನ ಪೂಜೆಗೆ ಅಳತೆ ಮಾಡಿ ಇಟ್ಟಂತಿತ್ತು. ನಾನು ಸೂಜಿ ಚುಚ್ಚಿ ಅಡುಗೆಮನೆಗೆ ಹೋಗುತ್ತಿದ್ದೆ, ಅವಳು ಮಣೆ ಹಾಕಿಕೊಂಡು ಕೂರುತ್ತಿದ್ದಳು, ನನ್ನ ರೊಟ್ಟಿ ಮುಗಿಯುವ ಹೊತ್ತಿಗೆ ಅವಳ ಪೂಜೆಯೂ ಮುಗಿಯುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಇದರಲ್ಲಿ ಅಪಾಯವಿದೆ ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು. ಇಪ್ಪತ್ತು ವರ್ಷದಿಂದ ಬ್ರಹ್ಮಗಿರಿ, ಅಲ್ಲಿನ ಬಂಡೆ ಶಾಸನ, ಕಲ್ಲುಗೋರಿಗಳು ಎಂದು ಬೋರ್ಡಿನ ಮೇಲೆ ಬರೆದಿದ್ದೇ ಬರೆದದ್ದು. ಮೊಳಕಾಲ್ಮೂರು ದಾಟಿದರೆ ಸಿಗುವ ಆ ಜಾಗಕ್ಕೆ ಸ್ವಂತ ಮಗಳನ್ನು ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಅವಳ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಅವಳಿಗೆ ಬೇಕಾದದ್ದು ಈಜುಕೊಳ ಇರುವ ರೆಸಾರ್ಟು, ನನಗೆ ಬೇಕಾದದ್ದು ಹಾಳುಬಿದ್ದ ಕಲ್ಲುಗಳು. ನಮ್ಮ ಯಜಮಾನರು ಶೇಂಗಾ ವ್ಯಾಪಾರದವರು, ಚೌಕಾಸಿಯಲ್ಲಿ ಪಳಗಿದವರು. ಬೆಳಿಗ್ಗೆ ಬ್ರಹ್ಮಗಿರಿ, ಮಧ್ಯಾಹ್ನಕ್ಕೆ ಬಳ್ಳಾರಿ ದಾಟಿ ಹೊಸಪೇಟೆ ಕಡೆ ನೀರಿನ ಪಕ್ಕದ ಒಂದು ರೆಸಾರ್ಟು ಎಂದು ವ್ಯಾಪಾರ ಕುದುರಿಸಿದರು.

‘ನಾನ್ಯಾಕೆ, ನೀವು ಹೋಗಿ ಬರ್ರಿ. ಮನೆ ಕಾಯ್ಕೊಂಡು ಇರ್ತೀನಿ’ ಅಂದಳು ಅವ್ವ.

‘ಸೂಜಿ ಯಾರು ಚುಚ್ತಾರೆ? ಸುಮ್ಮನೆ ಹೊರಡವ್ವ’ ಅಂದೆ ನಾನು. ನಿಜ ಹೇಳಬೇಕೆಂದರೆ ಸೂಜಿ ಒಂದು ನೆಪ. ಮೂರು ತಲೆಮಾರು ಒಟ್ಟಿಗೆ ನಗುತ್ತಿರುವ ಫೋಟೊ ನನಗೆ ಬೇಕಿತ್ತು. ಟೀಚರುಗಳೆಲ್ಲ ಅಂಥ ಫೋಟೊ ಹಾಕಿಕೊಂಡಿದ್ದರು.

ಬಿಸಿಲೇರುವ ಮೊದಲೇ ಗುಡ್ಡ ನೋಡಿ ಮುಗಿಸಬೇಕೆಂದು ಐದೂವರೆಗೇ ಎಲ್ಲರನ್ನೂ ಕಾರಿಗೆ ಹತ್ತಿಸಿದೆ. ಅವ್ವನ ಸ್ನಾನವಾಗಿತ್ತು, ಪೂಜೆ ಆಗಿರಲಿಲ್ಲ. ‘ಅಲ್ಲೇ ಮಾಡ್ಕೊಳ್ಳವ್ವ, ಶಿವ ಏನು ಚಳ್ಳಕೆರೆಯಾಗೆ ಮಾತ್ರ ಇರ್ತಾನಾ’ ಎಂದು ನಾನೇ ಹೇಳಿದ್ದು. ಅವಳು ನಕ್ಕು ಪೂಜೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಿ.ಜಿ. ಕೆರೆ ಹೊತ್ತಿಗೆ ಬೆಳಕಾಯಿತು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅವ್ವನೇ ಮಾತಾಡಿದಳು. ಅವಳ ತವರು ದೇವಸಮುದ್ರದ ಪಕ್ಕದ ಹಳ್ಳಿ. ನಾನು ಮಗಳಿಗೆ ಮೌರ್ಯರ ಪಾಠ ಶುರುಮಾಡಿದರೆ ಅವ್ವ, ‘ಆ ಗುಡ್ಡಕ್ಕೆ ನಾವು ಸೌದೆಗೆ ಬರ್ತಿದ್ವಿ. ಅಕ್ಷರದ ಬಂಡೆ ಮೇಲೆ ಕೂತು ಬುತ್ತಿ ಉಣ್ತಿದ್ವಿ’ ಅಂದಳು. ಮಗಳು ನನ್ನ ಮುಖ ನೋಡಿ ಕಿಸಕ್ಕೆಂದಳು.

ಸಿದ್ದಾಪುರದ ಹತ್ತಿರ ಗುಡ್ಡದ ಬುಡದಲ್ಲಿ ಇಳಿದಾಗ ಏಳು ಗಂಟೆ. ಗಾಳಿ ಜೋರಾಗಿತ್ತು. ಕಾವಲಿನವನು ಬಂದು ತೆಲುಗಿನಲ್ಲಿ ಏನೋ ಕೇಳಿದ, ಅವ್ವ ತೆಲುಗಿನಲ್ಲೇ ಉತ್ತರ ಕೊಟ್ಟಳು, ಇಬ್ಬರೂ ಅವಳ ತವರಿನ ಯಾರದೋ ಸಂಬಂಧ ಹಿಡಿದು ಮಾತಿಗೆ ನಿಂತರು. ನನಗೆ ಆಗಲೇ ಸಿಡಿಮಿಡಿ. ಅವ್ವನಿಗೆ ಸೂಜಿ ಚುಚ್ಚಿ, ಒಂದು ಚಪ್ಪಟೆ ಬಂಡೆ ತೋರಿಸಿ ಪೂಜೆಗೆ ಕೂರಿಸಿದೆ. ನಾನು ಅಲ್ಲೇ ಪಕ್ಕದಲ್ಲಿ ಪೇಪರು ಹಾಸಿ ಚಪಾತಿ, ಚಿತ್ರಾನ್ನದ ಡಬ್ಬಿ ಬಿಚ್ಚಿದೆ.

ಪೂಜೆ ಮುಗಿದ ಮೇಲೆ ಅವ್ವ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿದಳು. ವಿಭೂತಿಯ ಗಟ್ಟಿಯನ್ನೂ ಅವಳು ಅಂಥದೇ ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು, ಪುಡಿ ಉದುರಬಾರದೆಂದು. ಅಷ್ಟರಲ್ಲಿ ಗಾಳಿಗೆ ನೀರಿನ ಬಟ್ಟಲು ಉರುಳಿ ಬಟ್ಟೆಗಳೆಲ್ಲ ಒದ್ದೆಯಾದವು, ಹೂವು ಚೆಲ್ಲಾಪಿಲ್ಲಿಯಾದವು. ಅವ್ವನ ಕೈ ನಿಧಾನ. ನನಗೆ ಬಿಸಿಲು ಬರುವ ಚಿಂತೆ. ‘ಕೊಡವ್ವ ಇಲ್ಲಿ, ನಾನು ಹಾಕ್ತೀನಿ’ ಎಂದು ಅವಳ ಕೈಯಿಂದ ಕರಡಿಗೆ ಕಿತ್ತುಕೊಂಡೆ. ಕೈಗೆ ಸಿಕ್ಕ ಒದ್ದೆ ಗಂಟನ್ನು ಅದರಲ್ಲಿಟ್ಟು ಮುಚ್ಚಳ ತಿರುಗಿಸಿ ಅವಳ ಕೊರಳಿಗೆ ಹಾಕಿದೆ. ಅದು ವಿಭೂತಿಯ ಗಂಟು. ಇನ್ನೊಂದು ಗಂಟು ಹೂವಿನ ಕೆಳಗೆ ಉಳಿದಿತ್ತು. ತಿಂಡಿಯಾದ ಮೇಲೆ ಹೂವು, ಒದ್ದೆ ಬಟ್ಟೆ ಚೂರು, ಚಿತ್ರಾನ್ನದ ಮೆಣಸಿನಕಾಯಿ ಎಲ್ಲವನ್ನೂ ಪೇಪರಿನ ನಾಲ್ಕು ಮೂಲೆ ಸೇರಿಸಿ ಮುದುರಿ, ಕಾವಲಿನವನು ತೋರಿಸಿದ ಕಸದ ಗುಂಡಿಗೆ ಹಾಕಿ ಬಂದೆ.

ಪೂಜೆಯ ಹೂವನ್ನು ಎಂಜಲಿನ ಜೊತೆ ಹಾಕಬಾರದು, ಗಿಡದ ಬುಡಕ್ಕೆ ಹಾಕಬೇಕು. ಅದು ನನಗೆ ಗೊತ್ತಿಲ್ಲದ್ದಲ್ಲ. ಹಾಗೆ ಬೇರೆ ಮಾಡಲು ಹೋಗಿದ್ದರೆ ಗಂಟು ಕಣ್ಣಿಗೆ ಬೀಳುತ್ತಿತ್ತು.

ಆಮೇಲೆ ಗುಡ್ಡ ಹತ್ತಿದೆವು. ಶಾಸನದ ಬಂಡೆಯ ಮುಂದೆ ನಿಂತು ನಾನು ಭಾಷಣ ಮಾಡಿದೆ. ತಾಯಿ ತಂದೆಯರ ಮಾತು ಕೇಳಬೇಕು ಎಂದು ಚಕ್ರವರ್ತಿ ಇಲ್ಲಿ ಕೆತ್ತಿಸಿದ್ದಾನೆ ಎಂದು ಮಗಳಿಗೆ ಹೇಳಿದೆ. ‘ಅದನ್ನ ನೋಡ್ಸೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ’ ಅಂದಳು ಅವಳು. ಎಲ್ಲರೂ ನಕ್ಕೆವು. ಸತ್ತವರನ್ನು ಹೂತು ಸುತ್ತ ಕಲ್ಲು ನಿಲ್ಲಿಸಿದ ಜಾಗಗಳನ್ನು ತೋರಿಸಿದೆ. ಅವ್ವ ಅವುಗಳ ಹತ್ತಿರ ಬರಲಿಲ್ಲ, ದೂರದಿಂದಲೇ ನೋಡಿದಳು. ನನಗೆ ಬೇಕಾದ ಫೋಟೊಗಳು ಸಿಕ್ಕವು.

ಕಾರಿನಲ್ಲಿ ಅವ್ವ ಎರಡು ಸಲ ಕರಡಿಗೆ ಮುಟ್ಟಿ ನೋಡಿಕೊಂಡಳು. ‘ಮುಚ್ಚಳ ಸರಿಯಾಗಿ ಹಾಕಿದ್ಯಾ?’

‘ಹಾಕೀನವ್ವ. ಮುಚ್ಚಳ ಹಾಕಾಕೂ ಬರಲ್ವಾ ನಂಗೆ?’

ನಾನು ಹಾಗೆ ಸಿಡುಕಿದರೆ ಅವಳು ಯಾವಾಗಲೂ ಸುಮ್ಮನಾಗುತ್ತಾಳೆ. ನನಗೆ ಅದು ಅಭ್ಯಾಸವಾಗಿ ಹೋಗಿತ್ತು.

ರೆಸಾರ್ಟು ಚೆನ್ನಾಗಿಯೇ ಇತ್ತು. ಬಾಗಿಲಲ್ಲೇ ಹಣೆಗೆ ಕುಂಕುಮ ಇಟ್ಟು ಕೈಗೆ ಬೆಲ್ಲದ ಪಾನಕ ಕೊಡುವ ಹುಡುಗಿಯರು, ಹುಲ್ಲುಹಾಸು, ಕಲ್ಲುಬಂಡೆಯ ನಡುವೆ ನೀಲಿ ಈಜುಕೊಳ, ಆಚೆ ನೀರು. ಮಗಳು ಕೊಳಕ್ಕೆ ಬಿದ್ದವಳು ಸಂಜೆಯವರೆಗೆ ಏಳಲಿಲ್ಲ. ನಮ್ಮವರು ಅಂಗಡಿಯ ಫೋನುಗಳನ್ನು ಬಂದ್ ಮಾಡಿ ಉದ್ದನೆಯ ಕುರ್ಚಿಯಲ್ಲಿ ಗೊರಕೆ ಹೊಡೆದರು. ಅವ್ವ ಕಾಲನ್ನು ನೀರಿಗೆ ಇಳಿಬಿಟ್ಟು ಕೂತಿದ್ದಳು. ‘ತಣ್ಣಗೈತೆ’ ಅಂದಳು. ಅಪ್ಪ ಹೋದ ಮೇಲೆ ಅವಳು ಅಷ್ಟು ಹಾಯಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಏಳೂವರೆಗೆ ಎಂದಿನಂತೆ ಸೂಜಿ ಚುಚ್ಚಿದೆ. ಅವ್ವ ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಕೋಣೆಯ ಹೊರಗಿನ ಜಗುಲಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಳು. ನಾನು ಕೂದಲು ಬಾಚಿಕೊಳ್ಳುತ್ತಿದ್ದೆ. ‘ಇಲ್ಲಿ ಬಾರೇ’ ಎಂದು ಕರೆದಳು. ದನಿ ಮೆಲ್ಲಗಿತ್ತು. ಹೋಗಿ ನೋಡಿದರೆ ಅವಳ ಎಡ ಅಂಗೈ ಮೇಲೆ ಒಣಗಿದ ಬಟ್ಟೆ, ಅದರ ನಡುವೆ ಎರಡು ಹೋಳಾದ ಬಿಳಿ ವಿಭೂತಿಯ ಗಟ್ಟಿ.

ಚೀಲ ಕೊಡವಿದೆವು. ಪೆಟ್ಟಿಗೆ, ಹಾಸಿಗೆ, ಕಾರಿನ ಸೀಟಿನ ಕೆಳಗೆ, ಎಲ್ಲ ಹುಡುಕಿದೆವು. ಹುಡುಕುತ್ತಿರುವಾಗಲೇ ನನಗೆ ಪೇಪರು ಮುದುರಿದ್ದು ನೆನಪಾಯಿತು. ನಮ್ಮವರನ್ನು ಹೊರಗೆ ಕರೆದು ಹೇಳಿದೆ. ಅವರು ಹಾಕಿದ್ದ ಬಟ್ಟೆಯಲ್ಲೇ ಕಾರು ತೆಗೆದುಕೊಂಡು ಸಿದ್ದಾಪುರಕ್ಕೆ ಹೊರಟರು. ಹೋಗಲು ಎರಡು ತಾಸು, ಬರಲು ಎರಡು ತಾಸು.

‘ನಿನ್ನೆ ಪೂಜೆ ಮಾಡಿದಲ್ಲೇ ಉಳಿದಿರ್ಬೇಕವ್ವ. ತರಾಕೆ ಹೋಗ್ಯಾರೆ’ ಅಂದೆ. ಗುಂಡಿಯ ವಿಷಯ ಹೇಳಲಿಲ್ಲ.

‘ತರಲಿ. ಕಾಯ್ತೀನಿ’ ಅಂದಳು ಅವ್ವ.

ಆಗ ನನಗೆ ಸೂಜಿಯ ನೆನಪಾಯಿತು. ಗಂಟೆ ಎಂಟೂ ಕಾಲು. ಔಷಧಿ ಅವಳ ಮೈಯಲ್ಲಿ ಸೇರಿ ಮುಕ್ಕಾಲು ಗಂಟೆಯಾಗಿತ್ತು. ನಾಲ್ಕು ತಾಸು ಅವಳು ಏನೂ ತಿನ್ನದೆ ಇದ್ದರೆ ಏನಾಗುತ್ತದೆ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಕಾರು ಆಗಲೇ ಬಳ್ಳಾರಿ ದಾರಿ ಹಿಡಿದಿತ್ತು. ಫೋನ್ ಮಾಡಿದರೆ ಅವರ ಫೋನು ಮಂಚದ ಮೇಲೆಯೇ ರಿಂಗಾಯಿತು.

ಮೊದಲು ಒಳ್ಳೆಯ ಮಾತಿನಲ್ಲಿ ಹೇಳಿದೆ. ‘ಒಂದು ಲೋಟ ಜ್ಯೂಸ್ ಕುಡಿಯವ್ವ. ಔಷಧಿ ಅಂದ್ಕೋ.’

‘ಕುಡಿಯಾಂಗಿಲ್ಲ.’

‘ನೀರಿಗೆ ಸಕ್ಕರೆ ಹಾಕಿ ಕೊಡ್ತೀನಿ, ಒಂದು ಗುಟುಕು.’

‘ಗೊತ್ತಿದ್ದೂ ಯಾಕೆ ಕೇಳ್ತೀಯಾ?’

ಚಳ್ಳಕೆರೆಗೆ ಫೋನ್ ಹಚ್ಚಿದೆ. ದೀಕ್ಷೆ, ಪೂಜೆಗೆ ನಮ್ಮ ಮನೆಗೆ ಬರುವ ಗುರು ಅಯ್ಯನವರು ಒಳ್ಳೆಯ ಮನುಷ್ಯರು. ವಿಷಯ ಕೇಳಿ, ‘ಜೀವ ದೊಡ್ಡದಮ್ಮ. ಶಿವನ ಹೆಸರು ಹೇಳಿ ಏನಾದ್ರೂ ತಗೊಳ್ಳಾಕೆ ಹೇಳು. ದೋಷ ಏನೈತೋ ನಾನು ನೋಡ್ಕೊಳ್ತೀನಿ. ಬಸ್ಸು ಹಿಡಿದು ಬರ್ತೀನಿ’ ಅಂದರು. ಫೋನನ್ನು ಅವ್ವನ ಕಿವಿಗೆ ಹಿಡಿದೆ. ಅವಳು ಎಲ್ಲ ಕೇಳಿಸಿಕೊಂಡು, ‘ಬರ್ರಿ, ಅಯ್ಯನೋರೆ. ನೀವು ಬಂದ ಮೇಲೆ ತಗೊಳ್ತೀನಿ’ ಎಂದು ಫೋನು ನನ್ನ ಕೈಗೆ ಕೊಟ್ಟಳು.

ಎಂಟೂವರೆಗೆ ಬೆರಳು ಚುಚ್ಚಿ ನೋಡಿದೆ, ಸಕ್ಕರೆ ತೊಂಬತ್ನಾಲ್ಕು. ಒಂಬತ್ತಕ್ಕೆ ಎಪ್ಪತ್ತೊಂದು. ರೆಸಾರ್ಟಿನ ವ್ಯಾನು ಅತಿಥಿಗಳನ್ನು ಕರೆತರಲು ಸ್ಟೇಷನ್ನಿಗೆ ಹೋಗಿತ್ತು. ಅಲ್ಲಿಯವರು ಆಂಬುಲೆನ್ಸಿಗೆ ಫೋನ್ ಮಾಡಿದರು, ಹೊರಟಿದೆ ಅಂದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸೋಣ, ಅದು ಬಾಯಿಗೆ ಅಲ್ಲವಲ್ಲ ಎಂದು ನಾನು ವಾದಿಸಿದೆ. ‘ಸೂಜಿಯಾಗೆ ಹಾಕಿದ್ರೂ ಹೊಟ್ಟೆಗೆ ಹಾಕಿದಂಗೇ’ ಅಂದಳು. ಅವಳ ಹಣೆಯ ಮೇಲೆ ಬೆವರಿನ ಹನಿ ಕೂತಿದ್ದವು. ಊಟದ ಕೋಣೆಯಿಂದ ದೋಸೆಯ ವಾಸನೆ ಬರುತ್ತಿತ್ತು, ಎಲ್ಲೋ ಕೊಳಲಿನ ರೆಕಾರ್ಡು ಹಾಕಿದ್ದರು. ಅದನ್ನು ನಿಲ್ಲಿಸಿ ಎಂದು ನಾನು ಮ್ಯಾನೇಜರಿನ ಮೇಲೆ ಕಿರುಚಿದೆ. ಪಾಪ, ಅವನು ಓಡಿಹೋಗಿ ನಿಲ್ಲಿಸಿದ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬೆರಳಿಗೆ ಜೇನು ಹಚ್ಚಿಕೊಂಡು ಅವಳ ತುಟಿಯ ನಡುವೆ ತುರುಕಲು ಹೋದೆ. ಅವ್ವ ಹಲ್ಲು ಕಚ್ಚಿ ಮುಖ ತಿರುಗಿಸಿದಳು, ಸೆರಗಿನಿಂದ ತುಟಿ ಒರೆಸಿಕೊಂಡಳು. ಮಗಳು, ‘ಅಮ್ಮ ಬಿಡಮ್ಮ, ಅಜ್ಜಿಗೆ ನೋವಾಗ್ತಿದೆ’ ಎಂದು ಅಳತೊಡಗಿದಳು. ನನಗೆ ಅವ್ವನ ಮೇಲೆ ಎಂಥ ಸಿಟ್ಟು ಬಂತೆಂದರೆ, ‘ಸಾಯಿ ಹಂಗಾದ್ರೆ’ ಅಂದುಬಿಟ್ಟೆ. ಅವಳು ನನ್ನನ್ನು ನೋಡಿದಳು.

ಒಂಬತ್ತೂ ಇಪ್ಪತ್ತಕ್ಕೆ ಐವತ್ನಾಲ್ಕು. ಅವ್ವನ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅಪ್ಪ ಬಂದರಾ ಎಂದು ಕೇಳಿದಳು.

ನನ್ನ ಕೈಚೀಲದ ಒಳಜೇಬಿನಲ್ಲಿ ನನ್ನ ಲಿಂಗವಿತ್ತು. ಬಿ.ಎಡ್. ಓದಲು ಚಿತ್ರದುರ್ಗದ ಹಾಸ್ಟೆಲಿಗೆ ಹೋದಾಗ ಕೊರಳಿಂದ ತೆಗೆದದ್ದು, ಮತ್ತೆ ಕಟ್ಟಿಕೊಂಡಿರಲಿಲ್ಲ. ನಂಬಿಕೆ ಹೋಗಿತ್ತು ಎಂದೇನಲ್ಲ, ಕುತ್ತಿಗೆಗೆ ತುರಿಕೆ, ರವಿಕೆಯ ಮೇಲೆ ಉಬ್ಬು ಕಾಣುತ್ತದೆಂಬ ಸಂಕೋಚ, ಅಷ್ಟೇ. ಮನೆಯಲ್ಲಿ ಬಿಟ್ಟು ಹೋಗಲು ಭಯ, ಕಟ್ಟಿಕೊಳ್ಳಲು ಸೋಮಾರಿತನ. ಚೀಲ ಬದಲಾದಂತೆ ಜೇಬಿನಿಂದ ಜೇಬಿಗೆ ದಾಟಿಸಿಕೊಂಡು ಬಂದಿದ್ದೆ. ರವಿಕೆಯ ಒಳಗೆ ಇದೆ ಎಂದೇ ಅವ್ವ ತಿಳಿದಿದ್ದಳು, ನಾನೂ ಹಾಗೇ ತಿಳಿಸಿದ್ದೆ.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಳೆಯ ಬಟ್ಟೆ ತೆಗೆದು, ಅವ್ವನ ಬಿಳಿ ಬಟ್ಟೆಯ ಚೂರಿನಲ್ಲಿ ಅದನ್ನು ಸುತ್ತಿದೆ. ಹೊರಗೆ ಬಂದು ಪೂಜೆಯ ಚೀಲದೊಳಗೆ ಕೈ ಹಾಕಿ, ‘ಅವ್ವ, ಸಿಕ್ತು. ಚೀಲದ ಹೊಲಿಗೆ ಒಳಗೆ ಸೇರ್ಕೊಂಡಿತ್ತು’ ಅಂದೆ. ಶಾಲೆಯ ನಾಟಕದಲ್ಲಿ ಕೂಡ ನಾನು ಇಷ್ಟು ಚೆನ್ನಾಗಿ ನಟಿಸಿದವಳಲ್ಲ.

ಅವ್ವ ಎಡಗೈ ಚಾಚಿದಳು. ನಾನು ಇಟ್ಟೆ. ಬಟ್ಟೆ ಬಿಡಿಸಿ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ನನಗೆ ಅನ್ನಿಸಿತು, ಐದಾರು ಉಸಿರಿನಷ್ಟು ಇರಬೇಕು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ನನ್ನ ಕಣ್ಣಿನಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು, ಕೈಯಲ್ಲಿ ಜ್ಯೂಸಿನ ಲೋಟವಿತ್ತು. ಅವಳು ವಿಭೂತಿಯ ಹೋಳು ತೆಗೆದು ಲಿಂಗಕ್ಕೆ ಹಚ್ಚಿದಳು, ಕಣ್ಣು ಮುಚ್ಚಿದಳು, ತೆರೆದಳು. ‘ಕೊಡು’ ಅಂದಳು.

ಲೋಟ ಖಾಲಿ ಮಾಡಿದಳು. ಆಮೇಲೆ ಎರಡು ಇಡ್ಲಿ ತಿಂದಳು. ಆಂಬುಲೆನ್ಸಿನವರು ಬಂದು ಪರೀಕ್ಷೆ ಮಾಡಿ, ಪರವಾಗಿಲ್ಲ ಎಂದು ಹೊರಟುಹೋದರು. ದಾರಿಯಲ್ಲಿದ್ದ ಅಯ್ಯನವರಿಗೆ ಫೋನ್ ಮಾಡಿ, ಸಿಕ್ಕಿತು, ಬರಬೇಡಿ ಅಂದೆ. ನನ್ನ ಎದೆಯ ಮೇಲಿನ ಬಂಡೆ ಇಳಿದಿತ್ತು. ಅವ್ವನನ್ನು ನಾನೇ ಕೊಂದು ನಾನೇ ಉಳಿಸಿಕೊಂಡೆ ಅಂದುಕೊಂಡೆ. ಇಷ್ಟು ಸುಲಭದ ಉಪಾಯ ಒಂದು ತಾಸು ಮೊದಲೇ ಹೊಳೆಯಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ನಮ್ಮವರು ಒಂದೂವರೆಗೆ ಬಂದರು. ಬಾಗಿಲಲ್ಲಿ ನಿಂತಾಗ ಅವರ ಎರಡೂ ಕೈ ಮೊಣಕೈವರೆಗೆ ಕಪ್ಪಾಗಿದ್ದವು. ‘ನಿನ್ನ ಸಾಯಂತ್ರಮೇ ಕಾಲ್ಚೇಸ್ನಾ ಸಾರ್’ ಅಂದನಂತೆ ಕಾವಲಿನವನು. ನಿನ್ನೆ ಸಂಜೆಯೇ ಕಸಕ್ಕೆ ಬೆಂಕಿ ಹಾಕಿದ್ದ. ಇಬ್ಬರೂ ಸೇರಿ ಬೂದಿಯನ್ನೆಲ್ಲ ಜರಡಿ ಹಿಡಿದಂತೆ ಕೈಯಲ್ಲೇ ಜಾಲಾಡಿದ್ದರು. ಸುಟ್ಟ ಕಲ್ಲುಚೂರುಗಳು ಬೇಕಾದಷ್ಟಿದ್ದವು, ಯಾವುದು ಏನೆಂದು ಹೇಳುವಂತಿರಲಿಲ್ಲ. ಇದನ್ನು ಅವರು ನನಗೆ ಆಮೇಲೆ ಹೇಳಿದ್ದು. ಬಾಗಿಲಲ್ಲಿ ನಿಂತಾಗ ಅವರಿಗೆ ಬಾಯಿ ಬಿಡಲು ಅವ್ವ ಅವಕಾಶ ಕೊಡಲಿಲ್ಲ. ಅವರ ಕೈಯನ್ನು ಒಮ್ಮೆ ನೋಡಿ, ‘ಕೈ ತೊಳ್ಕೊಂಡು ಊಟ ಮಾಡಪ್ಪ. ಚೀಲದಾಗೇ ಇತ್ತಂತೆ. ಸುಮ್ನೆ ಓಡಾಡಿದಿ’ ಅಂದಳು.

ಆ ಸಂಜೆ ದೋಣಿಯಲ್ಲಿ ಕೂತೆವು. ಮಗಳು ತೆಗೆದ ಫೋಟೊದಲ್ಲಿ ಅವ್ವನೂ ನಗುತ್ತಿದ್ದಾಳೆ.

ಮನೆಗೆ ಬಂದ ಮರುದಿನ ನಾನು ಸೂಜಿ ಚುಚ್ಚಿ ಒಳಗೆ ಹೋದೆ. ರೊಟ್ಟಿ ತಟ್ಟಿ ಬಂದು ನೋಡಿದರೆ ಅವ್ವ ಮಣೆ ಹಾಕಿರಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ‘ಮೊಣಕಾಲು ನೋಯ್ತೈತೆ’ ಅಂದಳು. ಗುಡ್ಡ ಹತ್ತಿದ್ದಕ್ಕೆ ಇರಬೇಕು ಎಂದುಕೊಂಡೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ತಿಂಡಿ ಕೊಟ್ಟರೆ ತಿನ್ನುತ್ತಿದ್ದಳು. ಕರಡಿಗೆ ಕೊರಳಲ್ಲಿತ್ತು, ಅದನ್ನು ಬಿಚ್ಚುತ್ತಿರಲಿಲ್ಲ. ನನಗೆ ಒಳಗೊಳಗೇ ಗೊತ್ತಾಗಿತ್ತು, ಆದರೆ ಕೇಳುವ ಧೈರ್ಯವಿರಲಿಲ್ಲ.

ಏಳನೆಯ ದಿನ ಶಾಲೆಗೆ ಹೊರಟವಳನ್ನು ಕರೆದು ಕೂರಿಸಿಕೊಂಡಳು. ಕರಡಿಗೆಯಿಂದ ಬಟ್ಟೆಯ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು.

‘ಇದು ನಿಂದು. ಕಟ್ಕೋ.’

ನಾನು ಗಂಟು ಬಿಚ್ಚದೆ ಮುಷ್ಟಿ ಹಿಡಿದೆ.

‘ಹನ್ನೆರಡು ವರ್ಷದಾಕಿ ಇದ್ದೆ ನೀನು, ನಿನ್ನ ದೀಕ್ಷೆಯಾಗೆ. ಪಕ್ಕದಾಗೆ ನಾನೇ ಕೂತಿದ್ದೆ. ನಿನ್ನ ಕೈ ನಡುಗ್ತಿತ್ತು ಅಂತ ಕೆಳಗೆ ನನ್ನ ಕೈ ಕೊಟ್ಟಿದ್ದೆ. ಗೊತ್ತಾಗಲ್ವಾ ನಂಗೆ?’

‘ಹಂಗಾದ್ರೆ ಯಾಕೆ ಕುಡಿದೆ ಅವ್ವ?’

‘ನೀನು ಅಳ್ತಿದ್ದೆ’ ಅಂದಳು.

ನಾನು ಆ ದಿನ ಶಾಲೆಗೆ ಹೋಗಲಿಲ್ಲ. ಅವಳ ಕಾಲ ಬಳಿ ಕೂತು ಎಲ್ಲ ಹೇಳಿದೆ. ಪೇಪರು, ಗುಂಡಿ, ಬೆಂಕಿ, ಹಾಸ್ಟೆಲಿನ ದಿನಗಳಿಂದ ಚೀಲದಲ್ಲಿ ಇಟ್ಟುಕೊಂಡು ತಿರುಗಿದ್ದು, ಯಾವುದನ್ನೂ ಬಿಡಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ನನ್ನ ಬೆನ್ನು ಸವರಿದಳು. ಬೆಂಕಿಯ ಮಾತು ಬಂದಾಗ ಮಾತ್ರ ಅವಳ ಕೈ ಸ್ವಲ್ಪ ನಿಂತಿತು.

ಮರುದಿನವೇ ಅಯ್ಯನವರನ್ನು ಕರೆಸಿದೆ. ಹೊಸ ಲಿಂಗ ತಂದಿದ್ದರು. ಕಳೆದುಕೊಂಡವರಿಗೆ ಮತ್ತೆ ದೀಕ್ಷೆ ಕೊಡುವುದು ಹೊಸದೇನಲ್ಲ, ಅರ್ಧ ದಿನದ ಕೆಲಸ. ಅವ್ವ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿದಳು, ಎದುರಿಗೆ ಹಾಸಿದ್ದ ಮಣೆಯ ಮೇಲೆ ಮಾತ್ರ ಕೂರಲಿಲ್ಲ.

‘ಕಳಕೊಂಡಿದ್ದಕ್ಕೆ ದೀಕ್ಷೆ ಐತೆ, ಅಯ್ಯನೋರೆ. ಗೊತ್ತಿದ್ದೂ ಸುಳ್ಳನ್ನ ಕೈಯಾಗೆ ಇಟ್ಕೊಂಡು ಕಣ್ಣು ಮುಚ್ಚಿದೆನಲ್ಲ, ಅದಕ್ಕೆ ಏನೈತೆ?’

‘ಅದೂ ಲಿಂಗನೇ ಅಲ್ವೇನವ್ವ. ಮಗಳದು ಆದ್ರೇನು? ದೋಷ ಇಲ್ಲ.’

‘ನಿಮ್ಮ ಪುಸ್ತಕದಾಗೆ ಇಲ್ದೇ ಇರಬಹುದು. ನಂಗೆ ಐತೆ. ಆವತ್ತು ಶಿವನ್ನ ನೆನೀಲಿಲ್ಲ ನಾನು. ಇವಳು ಅಳೋದು ನಿಲ್ಲಿಸ್ಲಿ ಅಂತ ಅಷ್ಟೇ ನೆನೆದೆ. ಈಗ ಯಾವ ಮುಖದಾಗೆ ಕೈ ಚಾಚಲಿ?’

ಅಯ್ಯನವರು ಒಂದು ತಾಸು ಕೂತು ಹೇಳಿದರು. ನಾನು ಹೇಳಿದೆ, ನಮ್ಮವರು ಹೇಳಿದರು. ಅವ್ವ ಯಾರಿಗೂ ಎದುರು ಮಾತಾಡಲಿಲ್ಲ, ಮಣೆಯ ಮೇಲೂ ಕೂರಲಿಲ್ಲ. ಆ ಲಿಂಗವನ್ನು ಅಯ್ಯನವರು ವಾಪಸು ತೆಗೆದುಕೊಂಡು ಹೋದರು. ಅವ್ವ ಖಾಲಿ ಕರಡಿಗೆಯನ್ನು ಬಿಚ್ಚಿ ತೊಳೆದು ಬೀರುವಿನಲ್ಲಿಟ್ಟಳು. ನನ್ನದನ್ನು ನಾನು ಈಗ ಕಟ್ಟಿಕೊಂಡಿದ್ದೇನೆ, ಅವಳು ಹೇಳಿದಳೆಂದು. ದಿನಾ ಬೆಳಿಗ್ಗೆ ಅವಳ ಕಣ್ಣೆದುರಿಗೆ ಪೂಜೆಗೆ ಕೂರುವಾಗ ನನ್ನಷ್ಟು ಕೀಳು ಯಾರೂ ಇಲ್ಲ ಅನ್ನಿಸುತ್ತದೆ.

ಇದಾಗಿ ಎರಡು ವರ್ಷವಾಯಿತು. ಒಮ್ಮೆ ಮುರಿದ ನೇಮ ಮುರಿದೇ ಹೋಯಿತೆಂದು ಅವ್ವ ಉಣ್ಣುತ್ತಾಳೆ, ಮೊಮ್ಮಗಳೊಂದಿಗೆ ನಗುತ್ತಾಳೆ, ಸಕ್ಕರೆ ಹತೋಟಿಯಲ್ಲಿದೆ. ಹಿಂದೆ ಅವಳ ಬಾಯಲ್ಲಿ ಮಾತಿಗೊಮ್ಮೆ ಬರುತ್ತಿದ್ದ ‘ಶಿವನೇ’ ಎಂಬುದು ಈಗ ಕೇಳಿಸುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅವರ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಹೋದ ತಿಂಗಳು ಪರಶುರಾಂಪುರದಲ್ಲಿ ನಮ್ಮ ಚಿಕ್ಕಮ್ಮ ತೀರಿಕೊಂಡಾಗ ಅವ್ವನೂ ಬಂದಿದ್ದಳು. ಗುಂಡಿಯ ಹತ್ತಿರ ನಿಂತು ಕೊನೆಯವರೆಗೂ ನೋಡಿದಳು. ಮನೆಗೆ ಬಂದು ಸ್ನಾನ ಮಾಡಿ ಕೂತ ಮೇಲೆ ನನ್ನನ್ನು ಕರೆದಳು.

‘ನನ್ನ ಕೂರಿಸಿದಾಗ ಅಯ್ಯನೋರು ಲಿಂಗ ಎಲ್ಲೈತೆ ಅಂತ ಕೇಳ್ತಾರೆ. ನೀನು ಗಾಬರಿಗೆ ನಿಂದು ಬಿಚ್ಚಿ ಇಟ್ಟುಬಿಡ್ತೀಯಾ. ಇಡಬ್ಯಾಡ. ಕೈ ಬರಿದೈತೆ ಅಂತ ಹೇಳು.’

‘ಆಯ್ತವ್ವ.’

‘ಹಂಗಲ್ಲ. ಹೆಂಗೆ ಹೇಳ್ತೀಯಾ, ಈಗ ಹೇಳು.’

ನಾನು ಗೋಡೆ ನೋಡಿಕೊಂಡು ಹೇಳಿದೆ. ‘ನಮ್ಮವ್ವನ ಕೈ ಬರಿದೈತೆ. ಕಳೆದಾಕಿ ನಾನು.’

‘ಎರಡನೇದು ಬ್ಯಾಡ’ ಅಂದಳು ಅವ್ವ. ‘ಮೊದಲನೇದು ಅಷ್ಟೇ ಹೇಳು.’